ಗುಡಿಯಲ್ಲಿ ಉಂಡ ವಿಂಟರಪ್ಪ

ನಮ್ಮ ಮನೆಗೆ ಮೊದಲ ಸಲ ಬಂದವರು ಹಾಲ್‌ನ ಗೋಡೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡುತ್ತಾರೆ. ಗೋಡೆಗೆ ಬೂದಿ ಬಣ್ಣ. ಅದರ ನಟ್ಟನಡುವೆ ಹಳೆಯ ಕೆನೆಬಣ್ಣದ್ದೇ ಒಂದು ದೊಡ್ಡ ಚೌಕ. ಆ ಚೌಕದೊಳಗೆ ಅಂಗೈಯಗಲದ ಒಂದು ಫೋಟೋ, ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ. "ಪೇಂಟು ಸಾಲಲಿಲ್ವಾ?" ಎಂದು ಬೆಂಗಳೂರು ಕಡೆಯವರು ನಾಜೂಕಾಗಿ ಕೇಳುತ್ತಾರೆ. "ಯಾವ ಮಬ್ಬ ಹಚ್ಯಾನೋ ಇದನ್ನ?" ಎಂದು ನಮ್ಮ ಹುಬ್ಬಳ್ಳಿ-ಧಾರವಾಡದವರು ನೇರವಾಗಿಯೇ ಕೇಳುತ್ತಾರೆ. ಹಚ್ಚಿದ ಮಬ್ಬ ನಾನೇ. ಬೇಸ್‌ಮೆಂಟಿನಲ್ಲಿ ಅರ್ಧ ಡಬ್ಬಿ ಬೂದಿ ಬಣ್ಣ ಇನ್ನೂ ಇದೆ. ಬ್ರಶ್ಶೂ ಇದೆ. ಆದರೂ ಆ ಚೌಕ ಹಾಗೇ ಇದೆ ಎಂದರೆ ಅದಕ್ಕೊಂದು ಕಥೆ ಇರಲೇಬೇಕಲ್ಲ. ಚಹಾ ಕುಡಿಯುತ್ತಾ ಕೇಳಿ.

ಎರಡು ಸಾವಿರದ ಹದಿನಾರರ ಬೇಸಿಗೆಯ ಒಂದು ಶನಿವಾರ, ಕೆನಡಾದ ಜಾರ್ಜ್‌ಟೌನಿನ ನಮ್ಮ ಬೀದಿಯ ಆಚೆ ತುದಿಯಲ್ಲಿ ಯಾರೋ ಯಾರ್ಡ್ ಸೇಲ್, ಅಂದರೆ ಹಳೆಯ ಸಾಮಾನಿನ ಅಂಗಳದ ಮಾರಾಟ, ಹಾಕಿದ್ದರು. ನಮ್ಮ ಊರಿನಲ್ಲಿ ಮನೆಯ ಸಾಮಾನು ಅಂಗಳಕ್ಕೆ ಬಂತೆಂದರೆ ಒಂದೋ ಸುಣ್ಣ ಬಳಿಯುತ್ತಿದ್ದಾರೆ, ಇಲ್ಲವೇ ಜಪ್ತಿ ಆಗಿದೆ ಎಂದರ್ಥ. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಇನ್ನೊಬ್ಬರ ಕಪ್ಪುಸಾಸರು ಹುಲ್ಲಿನ ಮೇಲೆ ಬಿಸಿಲು ಕಾಯುವುದನ್ನು ನೋಡಿದರೆ ನನಗೆ ಒಳಗೊಳಗೇ ಮರುಕ ಬರುತ್ತದೆ. ಮರುಕ ಬಂದ ಮೇಲೆ ಏನಾದರೂ ಕೊಳ್ಳದೆ ಬರಲಾಗುವುದಿಲ್ಲ. ಹಾಗೆ ಕೊಂಡುತಂದ, ಚೀಸು ಕರಗಿಸುವ ಫಾಂಡ್ಯೂ ಪಾತ್ರೆಗಳು ನಮ್ಮ ಮನೆಯಲ್ಲಿ ಒಂದಲ್ಲ, ಎರಡಿವೆ. ಒಂದರಲ್ಲಿ ನನ್ನ ಹೆಂಡತಿ ವೀಣಾ ಒಗ್ಗರಣೆ ಹಾಕುತ್ತಾಳೆ.

ಆ ದಿನ ಒಂದು ಮೇಪಲ್ ಮರಕ್ಕೆ ಒರಗಿಸಿಟ್ಟಿದ್ದ ಭಾರಿ ಮರದ ಚೌಕಟ್ಟು ಕಣ್ಣಿಗೆ ಬಿತ್ತು. ಒಳಗೆ ಒಬ್ಬ ದೊರೆ. ಕಿವಿಯಿಂದ ಗದ್ದದವರೆಗೆ ಇಳಿದ ಗಡ್ಡ, ಪಟ್ಟೆಪಟ್ಟೆ ಟೋಪಿ, ಕೈಯಲ್ಲಿ ಬ್ಯಾಟು. ಕೆಳಗೆ ಹಿತ್ತಾಳೆಯ ಪಟ್ಟಿಯಲ್ಲಿ ಹೆಸರು: ಇ. ಪಿ. ವಿಂಟರ್‌ಬಾಟಮ್, ಬ್ಯಾರಿಸ್ಟರ್. ಜೊತೆಗೆ ಒಂದು ತೆಳ್ಳನೆಯ ಪುಸ್ತಕ. ಇವನ ಅಣ್ಣನ ಮಗ ಬರೆದು, ತನ್ನ ಖರ್ಚಿನಲ್ಲೇ ಅಚ್ಚು ಹಾಕಿಸಿದ ಚಿಕ್ಕಪ್ಪನ ಜೀವನಚರಿತ್ರೆ. ಮಾರುತ್ತಿದ್ದ ತರುಣ ಎರಡನ್ನೂ ಒಂದು ಕಾಫಿ-ಡೋನಟ್ಟಿನ ಬೆಲೆಗೆ ಕೊಟ್ಟುಬಿಟ್ಟ. ನಾನು ಕೊಂಡದ್ದು ಆ ಬ್ಯಾಟಿನ ಮೋಹಕ್ಕೆ.

ಬ್ಯಾಟು ಎಂದೊಡನೆ ನನಗೆ ನೆನಪಾಗುವುದು ಧಾರವಾಡದ ನಮ್ಮ ಓಣಿಯ ಶ್ಯಾಮ್ಯಾ. ಇಡೀ ಓಣಿಗೆ ಇದ್ದದ್ದು ಒಂದೇ ಬ್ಯಾಟು, ಅದು ಶ್ಯಾಮ್ಯಾನದು. ಆದ್ದರಿಂದ ಶ್ಯಾಮ್ಯಾ ಔಟಾಗುತ್ತಿರಲಿಲ್ಲ. ಮೂರು ಸ್ಟಂಪೂ ಹಾರಿದರೂ "ನಾ ಇನ್ನೂ ರೆಡಿ ಇರಲಿಲ್ಲ" ಎನ್ನುತ್ತಿದ್ದ. ನಾವು ಜಗ್ಗಾಡಿದರೆ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆಗೆ ಹೊರಟುಬಿಡುತ್ತಿದ್ದ. ಬ್ಯಾಟು ಯಾರದೋ ನ್ಯಾಯವೂ ಅವರದೇ ಎಂಬುದು ಓಣಿಯ ಕಾಯಿದೆ. ಬ್ಯಾಟಿಲ್ಲದ ನಮ್ಮಂಥವರು ಕಲಿತದ್ದು ಇನ್ನೊಂದು ವಿದ್ಯೆ: ಅಂಪೈರು ಕುತ್ತಿಗೆ ಹಿಡಿದು ನೂಕುವವರೆಗೆ ನಿಂತ ಜಾಗ ಬಿಡಬಾರದು. ಅಂಪೈರು ಹೇಗೂ ನಮ್ಮ ತಮ್ಮನೋ ಕಾಕಾನ ಮಗನೋ ಆಗಿರುತ್ತಿದ್ದ. ಈ ವಿದ್ಯೆಯನ್ನು ನಾನು ಸಮುದ್ರ ದಾಟಿಸಿ ಇಲ್ಲಿಯವರೆಗೆ ತಂದಿದ್ದೇನೆ.

ಚಿತ್ರ ಮನೆಗೆ ತಂದಾಗ ಮನೆಯಲ್ಲಿ ಇದ್ದದ್ದು ಬೇರೆಯೇ ಚಿಂತೆ. ವೀಣಾಳ ತಾಯಿ, ಅಂದರೆ ನಮ್ಮ ಅತ್ತೆಯವರು, ಆ ವಸಂತದಲ್ಲಿ ಧಾರವಾಡದಿಂದ ನಮ್ಮಲ್ಲಿಗೆ ಬಂದಿದ್ದರು. ಹಿಂದಿನ ವರ್ಷ ಮಾವನವರು ತೀರಿಕೊಂಡಿದ್ದರು. ಮಾವನವರು ವಕೀಲರು. ಕೋರ್ಟಿನಲ್ಲಿ ಎಷ್ಟು ಮಾತಾಡುತ್ತಿದ್ದರೋ ಗೊತ್ತಿಲ್ಲ, ಮನೆಯಲ್ಲಿ ಅವರಿಗೆ ಮಾತಾಡಲು ಅತ್ತೆಯವರು ಸಂದು ಕೊಡುತ್ತಿರಲಿಲ್ಲ. ಅಂಥ ಮಾತುಗಾತಿ ಇಲ್ಲಿಗೆ ಬಂದ ಮೇಲೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಚಹಾ ಬೇಕೇ ಎಂದರೆ "ಹೂಂ". ಚಳಿಯೇ ಎಂದರೆ "ಊಹೂಂ". ತಂದದ್ದು ಒಂದು ಸಣ್ಣ ಬ್ಯಾಗು. ಅದರಲ್ಲಿ ಮಾವನವರ ಒಂದು ಫೋಟೋ ಕೂಡ ಕಾಣಲಿಲ್ಲ. ವೀಣಾ ಕೇಳಿದ್ದಕ್ಕೆ "ತಂದಿಲ್ಲ" ಎಂದಷ್ಟೇ ಹೇಳಿದ್ದರಂತೆ.

"ಅವ್ವಾ ಹುಬ್ಬಳ್ಳಿ ಮಾಮಾನ ಮನೀಗೆ ಹೋಗ್ತೀನಿ ಅಂತ ಹಚ್ಯಾಳ," ಎಂದು ವೀಣಾ ಅಡಿಗೆಮನೆಯಲ್ಲಿ ಪಿಸುದನಿಯಲ್ಲಿ ಹೇಳಿದಳು. "ಇಲ್ಲೆ ಮಾತಾಡವಲ್ಲಳು, ಅಲ್ಲಿ ಹೋಗಿ ಯಾರ ಜೋಡಿ ಮಾತಾಡ್ತಾಳ? ಏನರ ಮಾಡ್ರಿ." ಏನರ ಮಾಡು ಎಂದರೆ ನಾನು ಏನು ಮಾಡಲಿ. ಅಳಿಯನಾದವನು ಅತ್ತೆಯನ್ನು ನಗಿಸಲು ಕೋಡಂಗಿ ವೇಷ ಹಾಕಲಾಗುತ್ತದೆಯೇ? ಚಿತ್ರವನ್ನು ಗೋಡೆಗೆ ನೇತುಹಾಕಿದೆ.

ಅಂದು ಸಂಜೆ ಅತ್ತೆಯವರು ಕುರ್ಚಿಯನ್ನು ಕಿಟಕಿಯಿಂದ ತುಸು ಈಚೆ ತಿರುಗಿಸಿದರು. "ಯಾರ್ರಿ ಇವರು?" ಎಂದರು. ಅಷ್ಟು ದಿನಗಳಲ್ಲಿ ಅವರು ತಾವಾಗಿ ಕೇಳಿದ ಮೊದಲ ಪ್ರಶ್ನೆ ಅದು.

"ವಕೀಲರು, ಅತ್ಯಾ. ವಿಂಟರ್‌ಬಾಟಮ್ ಅಂತ."

"ಬಾಟಮ್ ಅಂದ್ರ ಏನಂತ ಗೊತ್ತದ ನನಗ. ದೊಡ್ಡ ಮನಷ್ಯಾಗ ಹಂಗ ಕರೀಬಾರದು," ಎಂದರು. ವಿಂಟರಪ್ಪ ಎಂದು ನಾಮಕರಣ ಆದದ್ದು ಹೀಗೆ. ಕೆನಡಾಕ್ಕೆ ಒಪ್ಪುವ ಹೆಸರು ಎಂದು ನಮಗೂ ಅನ್ನಿಸಿತು.

ಅಂದಿನಿಂದ ಮೆಡೋವೇಲಿನ ಆಫೀಸಿನಿಂದ ಬಂದ ಮೇಲೆ ನನಗೊಂದು ಪುರಾಣಿಕನ ಕೆಲಸ. ಅತ್ತೆಯವರು ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದರು, ನಾನು ಪುಸ್ತಕದ ನಾಲ್ಕಾರು ಪುಟ ಓದಿ ಕನ್ನಡದಲ್ಲಿ ಹೇಳಬೇಕು. ಕೌಂಟಿ ಎಂಬುದನ್ನು ತಾಲೂಕು ಮಾಡಿದೆ. ಪಾದ್ರಿಯ ಮಗನನ್ನು ಭಟ್ಟರ ಮಗ ಮಾಡಿದೆ. "ಇವರು ಅಮೆಚೂರ್ ಆಟಗಾರರು. ಅಂದ್ರ ಆಟಕ್ಕ ಪಗಾರ ತಗೋತಿರಲಿಲ್ಲ," ಎಂದರೆ ಅತ್ತೆಯವರು ಸೊಪ್ಪಿನಿಂದ ತಲೆ ಎತ್ತಿ, "ಹಂಗಾದ್ರ ನಮ್ಮವರೂ ಅಮೆಚೂರ್ ವಕೀಲರಽ. ಅರ್ಧ ಕಕ್ಷಿದಾರರು ಹುರಳೀನೋ ಹುಣಚಿಹಣ್ಣೋ ಕೊಟ್ಟು ಹೋಗತಿದ್ರು," ಎಂದರು. ವೀಣಾ ಅಡಿಗೆಮನೆಯಲ್ಲಿ ಸೌಟು ಹಿಡಿದುಕೊಂಡೇ ನಿಂತಿದ್ದಳು. ಅಪ್ಪನ ವಿಷಯ ಅವ್ವನ ಬಾಯಿಂದ ಬಂದದ್ದು ಅದೇ ಮೊದಲು.

ಆಮೇಲೆ ಬಂತು ಆ ಪುಟ. ವಿಂಟರಪ್ಪ ತರುಣನಾಗಿದ್ದಾಗ ಲಂಡನ್ನಿಗೆ ಹೋಗಿ, "ಟೆಂಪಲ್ಲಿನಲ್ಲಿ ನಿಯಮದಂತೆ ಊಟಗಳನ್ನು ಮುಗಿಸಿ ಬ್ಯಾರಿಸ್ಟರನಾದ" ಎಂದು ಅಣ್ಣನ ಮಗ ಬರೆದಿದ್ದಾನೆ. ನಾನು ಓದಿದ್ದನ್ನು ಓದಿದ ಹಾಗೆಯೇ ಹೇಳಿದೆ. ಅತ್ತೆಯವರ ಕೈ ಸೊಪ್ಪಿನಲ್ಲೇ ನಿಂತಿತು.

"ಗುಡಿಯೊಳಗ ಉಂಡು ಓದಿದ್ರೇನ್ರಿ?"

"ಹಂಗಽ ಬರದಾರ, ಅತ್ಯಾ."

"ವಾರಾನ್ನದ ಹುಡುಗ," ಎಂದರು ಅತ್ತೆಯವರು. ಎದ್ದು ಚಿತ್ರದ ಹತ್ತಿರ ಹೋಗಿ ನಿಂತರು. ಮಾವನವರೂ ಹಳ್ಳಿಯಿಂದ ಧಾರವಾಡಕ್ಕೆ ಬಂದು ವಾರಾನ್ನ ಮಾಡಿ ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಯಾರ ಮನೆಯೂ ಸಿಗದ ಗುರುವಾರ ಮಠದಲ್ಲಿ ಊಟ. ಇದು ನನಗೆ ಗೊತ್ತಿತ್ತು, ಆದರೆ ಗುರುವಾರದ ಸಾರು ಎಷ್ಟು ನೀರಾಗಿರುತ್ತಿತ್ತು, ಹಸಿದ ಹುಡುಗರು ಅದನ್ನು ಏನೆಂದು ಕರೆದು ನಗುತ್ತಿದ್ದರು ಎನ್ನುವುದೆಲ್ಲ ಅಂದು ಸಂಜೆಯೇ ಗೊತ್ತಾದದ್ದು. ಅತ್ತೆಯವರು ಹೇಳುತ್ತಲೇ ಹೋದರು. ಸೊಪ್ಪು ಬಾಡಿಹೋಯಿತು.

ಲಂಡನ್ನಿನ ಆ ಟೆಂಪಲ್ ಗುಡಿಯಲ್ಲ, ವಕೀಲರ ಸಂಘಗಳು ಇರುವ ಜಾಗದ ಹೆಸರು, ಅಲ್ಲಿಯ ಭೋಜನಶಾಲೆಯಲ್ಲಿ ಹಿರಿಯರ ಜೊತೆ ಕೂತು ಇಂತಿಷ್ಟು ಊಟ ಮಾಡಿದರೇನೇ ಬ್ಯಾರಿಸ್ಟರ್ ಪಟ್ಟ ಎಂಬುದು ಮುಂದಿನ ಪುಟದಲ್ಲೇ ಇತ್ತು. ನಾನು ಮುಂದಿನ ಪುಟವನ್ನು ಮೆಲ್ಲಗೆ ಹಾರಿಸಿದೆ. ಮಾತು ಮರಳಿ ಬಂದ ಮನೆಯಲ್ಲಿ ಟೆಂಪಲ್ಲು ಗುಡಿಯಾದರೇನು, ಗೋಪುರವಾದರೇನು?

ಮುಂದಿನ ಗುರುವಾರ ಬೆಳಿಗ್ಗೆ ನೋಡಿದರೆ ವಿಂಟರಪ್ಪನ ಹಣೆಯ ಮೇಲೆ ಗಾಜಿನ ಹೊರಗಿಂದ ಗಂಧದ ಬೊಟ್ಟು. ಚೌಕಟ್ಟಿಗೆ ಹಿತ್ತಿಲಿನ ಒಂದು ಚೆಂಡುಹೂವು. ಅಂದು ನಾನು ಗೋಡೆಗೆ ಬಣ್ಣ ಬಳಿಯಬೇಕೆಂದು ರಜೆ ಸಹ ಹಾಕಿದ್ದೆ. ಏಣಿ ಹತ್ತಿ ಚಿತ್ರಕ್ಕೆ ಕೈ ಹಾಕಿದರೆ ಅತ್ತೆಯವರು, "ಏರಿಸಿದ ಹೂವು ಇನ್ನೂ ಬಾಡಿಲ್ಲ, ಇಳಸಬ್ಯಾಡ್ರಿ," ಎಂದರು. ಹೂವು ಬಾಡುವವರೆಗೆ ಕಾಯುವವನು ನಾನಲ್ಲ, ಚಿತ್ರದ ಸುತ್ತಲೇ ಬಳಿದು ಇಳಿದುಬಿಟ್ಟೆ. ಚೌಕದ ಮೂಲ ಇದು.

ವಿಂಟರಪ್ಪನ ಚರಿತ್ರೆ ಮಾತ್ರ ಬಲು ಸೊಗಸಾಗಿತ್ತು. ಪುಣ್ಯಾತ್ಮ ಆಟಕ್ಕೂ ಕೋರ್ಟಿಗೂ ಒಂದೇ ಥರದ ಚೀಲ ಇಟ್ಟುಕೊಂಡು ಊರೂರು ರೈಲಿನಲ್ಲಿ ತಿರುಗುತ್ತಿದ್ದ. ಒಮ್ಮೆ ನ್ಯಾಯಾಧೀಶರ ಎದುರು ಚೀಲ ಬಿಚ್ಚಿದರೆ ಒಳಗಿದ್ದದ್ದು ಕಾಲಿಗೆ ಕಟ್ಟುವ ಪ್ಯಾಡು. ಅತ್ತ ಮೈದಾನದಲ್ಲಿ ಅವನ ಗೆಳೆಯರ ಕೈಗೆ ಸಿಕ್ಕದ್ದು ವಕೀಲರ ಬಿಳಿಗೂದಲ ವಿಗ್ಗು. ವಾದ ಮಾಡುವಾಗ ಎದುರಾಳಿ ಒಳ್ಳೆಯ ಮಾತು ಹೇಳಿದರೆ ಇವನೇ ತಲೆದೂಗಿಬಿಡುತ್ತಿದ್ದನಂತೆ, ಹಾಗಾಗಿ ದೊಡ್ಡ ಮೊಕದ್ದಮೆಗಳು ಯಾವುವೂ ಇವನ ಕಡೆ ಸುಳಿಯಲಿಲ್ಲ. ಅವನ ನಿಜವಾದ ಕೀರ್ತಿ ಒಂದೇ ಒಂದು ಆಟದ್ದು. ಪಕ್ಕದ ಕೌಂಟಿಯ ಮೇಲೆ ಪಂದ್ಯ, ಗೆಲುವು ಕೈಗೆ ಬಂದಿದೆ, ಚೆಂಡು ಇವನ ಬ್ಯಾಟಿನ ಅಂಚಿಗೆ ತಾಗಿಯೂ ತಾಗದ ಹಾಗೆ ಹೋಗಿ ಕೀಪರಿನ ಕೈ ಸೇರಿತು. ಯಾರಿಗೂ ಕೇಳಿಸಲಿಲ್ಲ. ಅಂಪೈರು ಔಟಲ್ಲ ಎಂದ. ವಿಂಟರಪ್ಪ ಆಗಲೇ ಬ್ಯಾಟು ಬಗಲಲ್ಲಿ ಇಟ್ಟುಕೊಂಡು ಹೊರಟಿದ್ದ. "ನನಗೆ ಸದ್ದು ಕೇಳಿಸಿತು" ಎಂದನಂತೆ. ಪಂದ್ಯ ಸೋತರು. ಕ್ಯಾಪ್ಟನ್ನು ಆ ಋತುವಿಡೀ ಇವನ ಜೊತೆ ಮಾತು ಬಿಟ್ಟ.

"ಖರೇ ಮನಷ್ಯಾ," ಎಂದರು ಅತ್ತೆಯವರು. ನಾನು ಶ್ಯಾಮ್ಯಾನ ಶಿಷ್ಯ, ಪುಟ ತಿರುವಿದೆ.

ಈ ಕಥೆ ನನ್ನ ಮೇಲೇ ತಿರುಗಿಬೀಳುತ್ತದೆಂದು ಆಗ ಗೊತ್ತಿರಲಿಲ್ಲ. ಭಾನುವಾರ ನಾವು ಕೆಲವರು ಮೆಡೋವೇಲಿನ ಪಾರ್ಕಿನಲ್ಲಿ ಟೆನ್ನಿಸ್ ಬಾಲಿಗೆ ಟೇಪು ಸುತ್ತಿ ಕ್ರಿಕೆಟ್ ಆಡುತ್ತೇವೆ. ಒಂದು ದಿನ ಅತ್ತೆಯವರೂ ಬರುತ್ತೇನೆಂದರು. ಕ್ಯಾಂಪಿಂಗ್ ಕುರ್ಚಿ, ಚಹಾದ ಥರ್ಮಾಸ್, ನಮ್ಮ ಮಗಳು ಈಶಾ, ಎಲ್ಲ ಸಮೇತ ಬೌಂಡರಿಯಲ್ಲಿ ಕೂತರು. ನಾನು ಆಡುತ್ತಿದ್ದಾಗ ಚೆಂಡು ಬ್ಯಾಟಿಗೆ ಸಣ್ಣಗೆ ಸವರಿ ಕೀಪರಿನ ಕೈ ಸೇರಿತು. ಅಂಪೈರಾಗಿ ನಿಂತಿದ್ದವನು ನಮ್ಮದೇ ತಂಡದ ನದೀಮ್. ಅವನು ಎಲ್ಲಿ ನೋಡುತ್ತಿದ್ದನೋ, "ನಹೀ ಯಾರ್" ಎಂದು ತಲೆಯಾಡಿಸಿದ. ನಾನು ಏನೂ ಆಗದವನಂತೆ ಪಿಚ್ಚಿನ ಹುಲ್ಲನ್ನು ಬ್ಯಾಟಿನಿಂದ ತಟ್ಟುತ್ತಾ ನಿಂತೆ.

ಬೌಂಡರಿಯಿಂದ ದನಿ ಬಂತು. "ಸಪ್ಪಳ ಬಂತ್ರಿ. ಬರ್ರಿ ಈಕಡೆ."

"ಆಂಟಿ ಕ್ಯಾ ಬೋಲ್ ರಹೀ ಹೈಂ?" ಎಂದ ನದೀಮ್.

"ಚಾಯ್ ರೆಡಿ ಹೈ, ಬೋಲ್ ರಹೀ ಹೈಂ," ಎಂದೆ.

"ತೋ ಜಾವೋ ನಾ, ಬುಜುರ್ಗ್ ಬುಲಾ ರಹೀ ಹೈಂ," ಎಂದ ಅವನು. ಹಿರಿಯರು ಕರೆದ ಮೇಲೆ ಹೋಗದೆ ಇರಲಾಗುತ್ತದೆಯೇ? ನನ್ನ ಬಾಳಿನಲ್ಲಿ ಔಟಾಗಿ ನಾನಾಗಿಯೇ ನಡೆದ ಮೊದಲ ಸಲ ಅದು, ಅದೂ ಚಹಾದ ಹೆಸರಿನಲ್ಲಿ. ಅತ್ತೆಯವರು ಕಪ್ಪು ಕೈಗಿತ್ತು, "ಆಟಾ ಚೊಲೋ ಆಡಿದ್ರಿ," ಎಂದರು. ಈಶಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಎಲೆ ಉದುರುವ ಹೊತ್ತಿಗೆ ಅತ್ತೆಯವರು ಹುಬ್ಬಳ್ಳಿಯ ಮಾತೇ ಎತ್ತುತ್ತಿರಲಿಲ್ಲ. ಆಗ ಒಂದು ಸಂಜೆ ಬಾಗಿಲ ಗಂಟೆ ಬಾರಿಸಿತು. ಊರುಗೋಲು ಹಿಡಿದ ಎತ್ತರದ ಮುದುಕಿ. ಬೀದಿಯ ಆ ತುದಿಯ ಮನೆಯವಳು, ಮಾರ್ಗರೆಟ್ ಎಂದು ಹೇಳಿಕೊಂಡಳು. ಬೇಸಿಗೆಯಲ್ಲಿ ಮಂಡಿಯ ಆಪರೇಷನ್ನಿಗೆಂದು ಆಸ್ಪತ್ರೆಯಲ್ಲಿದ್ದಾಗ ತಂಗಿಯ ಮಗ ಮನೆ ಚೊಕ್ಕಟ ಮಾಡುತ್ತೇನೆಂದು ಎಲ್ಲವನ್ನೂ ಅಂಗಳಕ್ಕಿಟ್ಟು ಮಾರಿದ್ದನಂತೆ. ಹೋದದ್ದಕ್ಕೆಲ್ಲ ದುಃಖವಿಲ್ಲ, ಆದರೆ ಒಂದು ಚಿತ್ರ ಮಾತ್ರ ಮಾರುವಂಥದ್ದಲ್ಲ. ಕೊಂಡವರು ನಾವೆಂದು ಅವನಿಂದಲೇ ಕೇಳಿ ತಿಳಿದು ಬಂದಿದ್ದಳು. ಆ ಪುಸ್ತಕ ಬರೆದ ಅಣ್ಣನ ಮಗನೇ ಅವಳ ಅಜ್ಜ. ಅವನು ಹಡಗಿನಲ್ಲಿ ಕೆನಡಾಕ್ಕೆ ಬರುವಾಗ ತಂದದ್ದು ಈ ಚಿತ್ರ. ನೀವು ಕೊಟ್ಟದ್ದನ್ನು ಕೊಟ್ಟುಬಿಡುತ್ತೇನೆ, ಬೇಕಾದರೆ ಹೆಚ್ಚೇ ಕೊಡುತ್ತೇನೆ ಎಂದು ಬಹಳ ಸಂಕೋಚದಿಂದ ಹೇಳಿದಳು. ಹೇಳುವಾಗ ಅವಳ ಕಣ್ಣು ನನ್ನ ಹೆಗಲ ಮೇಲಿಂದ ಹಾಯ್ದು ಗೋಡೆಯ ಮೇಲೆಯೇ ಇತ್ತು.

ನನ್ನೊಳಗೆ ಶ್ಯಾಮ್ಯಾ ಎದ್ದು ಕೂತ. ಹಾಡಹಗಲೇ ದುಡ್ಡು ಕೊಟ್ಟು ಕೊಂಡದ್ದು, ಕದ್ದದ್ದಲ್ಲ. ಬ್ಯಾಟು ಈಗ ನನ್ನದು. ಆದರೆ ನಿಜ ಹೇಳಬೇಕೆಂದರೆ ನನಗೆ ಚಿತ್ರದ ಆಸೆಗಿಂತ ಹೆದರಿಕೆ ದೊಡ್ಡದಿತ್ತು. ವಿಂಟರಪ್ಪ ಹೋದರೆ ಅತ್ತೆಯವರು ಮತ್ತೆ ಕುರ್ಚಿಯನ್ನು ಕಿಟಕಿಗೆ ತಿರುಗಿಸಿಕೊಂಡರೆ? ಮತ್ತೆ ಆ ಹೂಂ, ಊಹೂಂ? ಮಾರ್ಗರೆಟ್ಟಳನ್ನು ಒಳಗೆ ಕೂರಿಸಿ, ಯೋಚನೆ ಮಾಡಿ ತಿಳಿಸುತ್ತೇನೆ ಎಂದು ನಯವಾಗಿ ಹೇಳಿದೆ. ಯೋಚನೆ ಮಾಡುತ್ತೇನೆ ಎಂದರೆ ಕೊಡುವುದಿಲ್ಲ ಎಂದರ್ಥ, ಅದು ಅವಳಿಗೂ ತಿಳಿಯಿತು. ತಲೆಯಾಡಿಸಿ ಊರುಗೋಲನ್ನು ಸರಿಮಾಡಿಕೊಂಡಳು.

"ಏನಂತಾರ್ರಿ ಅವರು?" ಎಂದರು ಅತ್ತೆಯವರು.

ಹೇಳಿದೆ. ಎಲ್ಲವನ್ನೂ ಹೇಳಿದೆ, ನಾವು ಕೊಡಬೇಕಾದ ಜರೂರು ಇಲ್ಲ ಎನ್ನುವುದನ್ನೂ ಸೇರಿಸಿ. ಅತ್ತೆಯವರು ಗೋಡೆಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು:

"ನಿಮಗ ಸಪ್ಪಳಾ ಕೇಳಸಲಿಲ್ಲೇನ್ರಿ?"

ಕೇಳಿಸಿತ್ತು. ಬಾಗಿಲ ಗಂಟೆ ಬಾರಿಸಿದಾಗಲೇ ಕೇಳಿಸಿತ್ತು. ಏಣಿ ತಂದು ವಿಂಟರಪ್ಪನನ್ನು ಇಳಿಸಿದೆ.

ಹತ್ತಿರದಿಂದ ನೋಡಿದ ಮಾರ್ಗರೆಟ್ ಗಾಜಿನ ಮೇಲಿನ ಹಳದಿ ಬೊಟ್ಟು ಕಂಡು, ಇದು ಸಾಸಿವೆ ಗೊಜ್ಜೇ ಎಂದು ಕೇಳಿದಳು. "ಮಸ್ಟರ್ಡ್ ಅಲ್ಲ," ಎಂದು ಈಶಾ ಎಲ್ಲ ವಿವರಿಸಿದಳು, ಗುಡಿಯಲ್ಲಿ ಉಂಡು ಓದಿದ ಪುಣ್ಯವಂತನೆಂದು ಅಜ್ಜಿ ಪ್ರತಿ ಗುರುವಾರ ಗಂಧ ಹಚ್ಚುತ್ತಾಳೆ ಎಂದು. ಮಾರ್ಗರೆಟ್ ನಕ್ಕಳು. ಒಳ್ಳೆಯ ನಗು ಅದು, ಆದರೆ ನಗುತ್ತಲೇ ಟೆಂಪಲ್ಲಿನ ನಿಜವನ್ನೆಲ್ಲ ಹೇಳಿಬಿಟ್ಟಳು. ಈಶಾ ಅಷ್ಟೇ ನಿಷ್ಠೆಯಿಂದ ಅದನ್ನು ಅಜ್ಜಿಗೆ ದಾಟಿಸಿದಳು: "ಅಜ್ಜಿ, ಅದು ಟೆಂಪಲ್ ಅಲ್ಲಂತೆ. ಲೈಕ್, ಲಾಯರ್ಸ್ ಕ್ಯಾಫೆಟೀರಿಯಾ."

ನಾನು ಹಾರಿಸಿದ ಪುಟ ಇಷ್ಟು ತಡವಾಗಿ, ಇಂಥ ಹೊತ್ತಿನಲ್ಲಿ ತೆರೆದುಕೊಳ್ಳಬೇಕೇ?

"ಗುಡಿ ಸುಳ್ಳಿರ್ಲಿ, ಊಟಾ ಅಂತೂ ಖರೇ ಅಲ್ಲ?" ಎಂದರು ಅತ್ತೆಯವರು. "ನಮ್ಮವರು ಅಂತಿದ್ರು, ಮಂದೀ ಜೋಡಿ ಕೂತು ಉಂಡಾಂವಗಽ ಮಂದೀ ಸಂಕಟಾ ತಿಳೀತದ, ಇಲ್ಲಾಂದ್ರ ಕಾಯಿದೆ ಓದಿ ಏನುಪಯೋಗ ಅಂತ. ಹೇಳವಾ ಅವರಿಗೆ." ಈಶಾ ಹೇಳಿದಳು. ಮಾರ್ಗರೆಟ್ ಆ ಬೊಟ್ಟನ್ನು ಒರೆಸಲು ತೆಗೆದಿದ್ದ ಕರವಸ್ತ್ರವನ್ನು ಮತ್ತೆ ಅಂಗಿಯ ತೋಳಿನೊಳಗೆ ಸಿಕ್ಕಿಸಿಕೊಂಡಳು.

ಆಮೇಲೆ ನಮ್ಮ ಬೀದಿಯಲ್ಲಿ ಒಂದು ಮೆರವಣಿಗೆ ಹೊರಟಿತು. ಮುಂದೆ ಚೌಕಟ್ಟು ಹೊತ್ತ ನಾನು, ಪಕ್ಕದಲ್ಲಿ ಊರುಗೋಲಿನ ಮಾರ್ಗರೆಟ್, ಪುಸ್ತಕ ಹಿಡಿದ ಈಶಾ, ಹಿಂದೆ ಸೀರೆಯ ಮೇಲೆ ವೀಣಾಳ ಜಾಕೆಟ್ಟು ತೊಟ್ಟ ಅತ್ತೆಯವರು. ಗಣಪತಿ ಕಳಿಸಲು ಹೊರಟವರ ಹಾಗಿದ್ದೆವು, ಪಟಾಕಿಯೊಂದು ಇರಲಿಲ್ಲ. ವಿಂಟರಪ್ಪನನ್ನು ಅವನ ಹಳೆಯ ಮೊಳೆಗೆ ತೂಗುಹಾಕಿ ಬಂದೆವು. ಗುರುವಾರ ಬಂದು ಚಹಾ ಕುಡಿಯಬೇಕು, ಬರುವಾಗ ಆ ಗಂಧವನ್ನೂ ತರಬೇಕು ಎಂದು ಮಾರ್ಗರೆಟ್ ಅತ್ತೆಯವರ ಕೈ ಹಿಡಿದು ಹೇಳಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅತ್ತೆಯವರು "ಯಸ್ ಯಸ್" ಎಂದರು.

ಮನೆಗೆ ಬಂದರೆ ಹಾಲ್‌ನ ಬೂದಿ ಗೋಡೆಯ ನಡುವೆ ಕೆನೆಬಣ್ಣದ ಬಟ್ಟಬಯಲು. ಅತ್ತೆಯವರು ನೆಟ್ಟಗೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬೇರೇನೂ ತೋಚದೆ ನಾನು ಬೇಸ್‌ಮೆಂಟಿಗೆ ಹೋಗಿ ಬಣ್ಣದ ಡಬ್ಬಿ ತಂದೆ. ಆ ಬಯಲು ಕಣ್ಣಿಗೆ ಬೀಳದಿದ್ದರೆ ಅಷ್ಟರ ಮಟ್ಟಿಗಾದರೂ ಅವರಿಗೆ ಸಮಾಧಾನವಾದೀತು ಎಂದುಕೊಂಡೆ.

ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಅತ್ತೆಯವರು ಹೊರಗೆ ಬಂದರು. ಕೈಯಲ್ಲಿ ಹಳೆಯ ರೇಷ್ಮೆ ಸೀರೆಯ ಮಡಿಕೆ. ಮಡಿಕೆ ಬಿಚ್ಚಿ ಒಳಗಿನದನ್ನು ನನ್ನ ಕೈಗೆ ಕೊಟ್ಟರು. ಕರಿ ಕೋಟಿನ ಮಾವನವರು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಏನೋ ಹೇಳಲು ಬಾಯಿ ತೆರೆದು, ಸಂದು ಸಿಗದೆ ನಿಂತವರ ಹಾಗೆ.

"ತಂದಿದ್ದೆ," ಎಂದರು ಅತ್ತೆಯವರು. "ನೋಡೋ ಧೈರ್ಯಾ ಇರಲಿಲ್ಲ. ಇದನ್ನ ಹಾಕ್ರಿ ಆ ಮೊಳಿಗೆ."

ವೀಣಾ ಅಳುತ್ತಿದ್ದಳು. ಹಾಕಿದೆ. ಅಷ್ಟು ದೊಡ್ಡ ಚೌಕದಲ್ಲಿ ಅಷ್ಟು ಸಣ್ಣ ಫೋಟೋ ಬಿಕೋ ಎನ್ನುತ್ತಿತ್ತು. ಬ್ರಶ್ಶು ಅದ್ದಿ, "ಸುತ್ತಲಿಂದು ಬಳದುಬಿಡ್ತೀನಿ ಅತ್ಯಾ, ಒಂದು ನಿಮಿಷದ ಕೆಲಸ," ಎಂದೆ.

"ಬ್ಯಾಡ್ರಿ," ಎಂದು ಅವರು ನನ್ನ ಕೈ ತಡೆದರು. "ಅವರಿಗೆ ಒಬ್ಬರಽ ಕೂತು ಉಣ್ಣೋ ರೂಢಿ ಇಲ್ಲ. ಬಾಜೂಕ ವಿಂಟರಪ್ಪನ ಜಾಗಾ ಹಂಗಽ ಇರ್ಲಿ."